ಈ ಹೆಸರು ಮಾರಾಟಕ್ಕಿದೆ

ನನಗೆ ಬೇಕಾದ ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ಯಾರೋ ಪುಣ್ಯಾತ್ಮ ಆಗಲೇ ಹಿಡಿದಿಟ್ಟುಕೊಂಡಿದ್ದಾನೆ. ಹಿಡಿದುಕೊಂಡು ಏನಾದರೂ ಮಾಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ತೆರೆದು ನೋಡಿದರೆ ಒಂದು ಬಿಳಿ ಪುಟ. ನಡುವೆ ದಪ್ಪ ಅಕ್ಷರದಲ್ಲಿ 'ಈ ಹೆಸರು ಮಾರಾಟಕ್ಕಿದೆ'. ಕೆಳಗೆ ಕೋಟು ಹಾಕಿಕೊಂಡು ಕೈ ಕುಲುಕುತ್ತಿರುವ ಇಬ್ಬರ ಫೋಟೊ. ಅಷ್ಟೇ. ಖಾಲಿ ಸೈಟಿಗೆ ಬೇಲಿ ಹಾಕಿ, ಬೋರ್ಡು ನೆಟ್ಟು ಹೋಗುತ್ತಾರಲ್ಲ, ವೆಬ್‌ಸೈಟಿಗೂ ಅದೇ ಗತಿ.

ಯಾವ ಹೆಸರು ಅಂತ ಕೇಳಬೇಡಿ, ಹೇಳಲ್ಲ. ಡಾಟ್ ಕಾಮ್ ಅಂತೂ ಹೋಯಿತು, ಉಳಿದ ಡಾಟ್‌ಗಳಾದರೂ ಇರಲಿ. ಡೊಮೇನ್ ಹುಡುಕಲು ಹೊರಟವರಿಗೆಲ್ಲ ಈ ಕಾಯಿಲೆ ಅಂಟಿಕೊಳ್ಳುತ್ತದೆ. ಮನೆಯವರ ಎದುರಿಗೂ ಹೆಸರನ್ನು ಜೋರಾಗಿ ಹೇಳುವುದಿಲ್ಲ. ಸರ್ಚ್ ಮಾಡುವಾಗಲೂ, ಆ ಕಡೆ ಯಾರೋ ಕೂತು ನೋಡುತ್ತಿದ್ದಾರೆ ಎಂಬ ಗುಮಾನಿ.

'ಕ್ಷಮಿಸಿ, ಈ ಹೆಸರು ಲಭ್ಯವಿಲ್ಲ' ಎಂದು ಹೇಳಿ ಸುಮ್ಮನಾದರೆ ಸಾಕಿತ್ತು. ಆದರೆ ಡೊಮೇನ್ ಮಾರುವವರಿಗೆ ಸುಮ್ಮನಿರುವ ಅಭ್ಯಾಸವೇ ಇಲ್ಲ. 'ಇವು ನಿಮಗೆ ಇಷ್ಟವಾಗಬಹುದು' ಅಂತ ಒಂದು ಪಟ್ಟಿ ಮುಂದೆ ಹಿಡಿಯುತ್ತಾರೆ. ನನ್ನ ಹೆಸರಿನ ತಲೆಗೊಂದು 'ದಿ', ಕೊನೆಗೊಂದು 'ಆನ್‌ಲೈನ್'. ಆಮೇಲೆ 'ದಿ ಬೆಸ್ಟ್', 'ಆನ್‌ಲೈನ್ 24'. ಡಾಟ್‌ಗಿಂತ ಮುಂಚಿನ ಭಾಗಕ್ಕೆ 63 ಅಕ್ಷರಗಳವರೆಗೆ ಅವಕಾಶವಿದೆ. ಅಷ್ಟನ್ನೂ ತುಂಬಿಸಿಯೇ ಬಿಡಬೇಕು ಎಂಬ ಹಠ ಇದ್ದ ಹಾಗಿತ್ತು. ಅದೂ ಬೇಡ ಎಂದರೆ ಡಾಟ್ ಆದ ಮೇಲಿನ ಬಾಲ ಬದಲಿಸುತ್ತಾರೆ. 2013ರಿಂದ ಈಚೆಗೆ ಸಾವಿರಕ್ಕೂ ಹೆಚ್ಚು ಹೊಸ ಬಾಲಗಳು ಬಂದಿವೆ. ಡಾಟ್ ಗುರು, ಡಾಟ್ ನಿಂಜಾ, ಡಾಟ್ ಪ್ಲಂಬಿಂಗ್. ನಾನು ಬರೆದ ನಾಲ್ಕು ನಗೆಬರಹಗಳನ್ನು ಒಂದು ಕಡೆ ಕೂಡಿಡೋಣ ಅಂತ ಹೊರಟರೆ 'ಡಾಟ್ ಹಾರ್ಸ್ ತಗೊಳ್ಳಿ' ಎನ್ನುತ್ತಾರಲ್ಲ, ಇವರು ನನ್ನ ಬರಹ ಓದಿದ್ದಾರೋ ಹೇಗೆ?

ಲೋಕದ ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿಗೆ. ಆ ವರ್ಷ ಪೂರ್ತಿ ಡಾಟ್ ಕಾಮ್ ತೆಗೆದುಕೊಂಡವರನ್ನು ಬೆರಳು ಮಡಿಸಿ ಎಣಿಸಬಹುದಿತ್ತು. 1995ರವರೆಗೆ ದುಡ್ಡೂ ಕೊಡಬೇಕಿರಲಿಲ್ಲ. ಆಮೇಲಷ್ಟೇ ಎರಡು ವರ್ಷಕ್ಕೆ 100 ಡಾಲರ್ ಅಂತ ಮಾಡಿದರು. ಕೇಳಿದ ಹೆಸರು, ಅದೂ ಪುಕ್ಕಟೆ, ಕ್ಯೂನಲ್ಲಿ ಒಂದು ನರಪಿಳ್ಳೆ ಇಲ್ಲ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಈಗ ಡಾಟ್ ಕಾಮ್ ಒಂದರಲ್ಲೇ 15 ಕೋಟಿಗೂ ಜಾಸ್ತಿ ಹೆಸರುಗಳಿವೆ. ಆ ಮೊಟ್ಟಮೊದಲ ಹೆಸರನ್ನೂ ಬಿಡಲಿಲ್ಲ. 2009ರಲ್ಲಿ ಅದನ್ನು ಕೊಂಡುಕೊಂಡವರು ಡೊಮೇನ್‌ಗಳ ಮೇಲೆ ದುಡ್ಡು ಹಾಕುವವರೇ.

ಸರಿ, ನನ್ನ ಹೆಸರಿನ ಮೇಲೆ ಕೂತಿರುವ ಮಹಾಶಯ ಯಾರು ಅಂತಲಾದರೂ ನೋಡೋಣ ಎಂದರೆ ಅದಕ್ಕೂ ದಾರಿ ಇಲ್ಲ. ಹಿಂದೆ ಹೂಈಸ್ ಎಂಬ ಡೊಮೇನ್ ಮಾಲೀಕರ ಪಟ್ಟಿಯಲ್ಲಿ ಹುಡುಕಿದರೆ ಮಾಲೀಕನ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಸಿಗುತ್ತಿತ್ತು. ಹೊಸದಾಗಿ ಡೊಮೇನ್ ತಗೊಂಡವರಿಗೆ ಬೆಳಗಾಗುವುದರೊಳಗೆ 'ಸರ್, ವೆಬ್‌ಸೈಟ್ ಮಾಡಿಕೊಡ್ತೀವಿ' ಎಂಬ ಫೋನುಗಳು ಶುರುವಾಗುತ್ತಿದ್ದವು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಹೆಚ್ಚಿನ ಕಡೆ ಈ ವಿವರಗಳನ್ನು ಮುಚ್ಚಿಟ್ಟರು. ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ನನ್ನ ಬೈಗುಳವನ್ನು ಯಾವ ವಿಳಾಸಕ್ಕೆ ಕಳಿಸಲಿ? ಹೆಸರು, ಗೌಪ್ಯ. ಊರು, ಗೌಪ್ಯ. ಫೋನ್, ಗೌಪ್ಯ. ನನ್ನ ಕಣ್ಣಿಗೆ ಬಿದ್ದದ್ದು ಒಂದೇ, ಅವಧಿ ಮುಗಿಯುವ ದಿನಾಂಕ.

ಆ ದಿನಾಂಕ ನೋಡಿ ಆಸೆ ಹುಟ್ಟುತ್ತದೆ. ಆದರೆ ಅವಧಿ ಮುಗಿದ ಕೂಡಲೇ ಹೆಸರು ಸಿಕ್ಕಿಬಿಡುವುದಿಲ್ಲ. ಮಾಲೀಕ ನಿಧಾನವಾಗಿ ಎಚ್ಚರಗೊಳ್ಳಲು 45 ದಿನದವರೆಗೆ ಕಾಲಾವಕಾಶ. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಅಳಿಸಿಹಾಕುವ ಮುಂಚೆ ಇನ್ನೂ 5 ದಿನ. ಅಷ್ಟೆಲ್ಲ ದಾಟಿ ಬಿಡುಗಡೆಯಾದ ಕ್ಷಣದಲ್ಲೇ ಅದನ್ನು ಹಿಡಿಯಲು ಸಾಫ್ಟ್‌ವೇರುಗಳು ಕಣ್ಣು ಮಿಟುಕಿಸದೆ ಕಾದಿರುತ್ತವೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವ ನನ್ನಂಥವನ ಕೈಗೆ ಎಲ್ಲಿಂದ ಸಿಗಬೇಕು? ಹಾಗೇನೂ ಆಗದಂತೆ ಪುಣ್ಯಾತ್ಮ ಮೊದಲೇ ರಿನ್ಯೂ ಮಾಡಿಸಿದ. ಆ ಬಿಳಿ ಪುಟಕ್ಕೆ!

ಸಂಕಟ ತೋಡಿಕೊಳ್ಳಲು ಗೆಳೆಯನೊಬ್ಬನ ಮನೆಗೆ ಹೋದೆ. ಡೊಮೇನ್ ವಿಷಯದಲ್ಲಿ ಅವನು ಪಳಗಿದ ಕೈ. ಪಳಗಿದ್ದು ಕೊಳ್ಳುವುದರಲ್ಲಿ ಮಾತ್ರ. ಅವನಿಗೆ ಒಂದು ಐಡಿಯಾ ಹೊಳೆಯಿತು ಎಂದರೆ ಮೊದಲು ಡೊಮೇನ್. ಯೋಜನೆ, ಬಂಡವಾಳ, ಪಾಲುದಾರರು ಎಲ್ಲ ಆಮೇಲೆ. ಆ 'ಆಮೇಲೆ' ಇವತ್ತಿನವರೆಗೆ ಬಂದಿಲ್ಲ. ಹಳೆಯ ಪಠ್ಯಪುಸ್ತಕ ಅದಲುಬದಲು ಮಾಡುವುದಕ್ಕೊಂದು, ಕುರ್ಚಿ ಬಿಟ್ಟು ಏಳದವರ ಯೋಗಕ್ಕೊಂದು, ಬಿದ್ದ ಕನಸಿಗೆ ಅರ್ಥ ಹೇಳುವುದಕ್ಕೊಂದು. 'ಡಾಟ್ ಐಒ ಅಂದ್ರೆ ಟೆಕ್ನಾಲಜಿ ಕಣೋ' ಅಂತ ಒಂದಷ್ಟು ಹಿಡಿದ. ಅದು ಹಿಂದೂ ಮಹಾಸಾಗರದ ನಡುವೆ ಇರುವ ಬ್ರಿಟಿಷ್ ಆಡಳಿತದ ದ್ವೀಪಗಳ ಬಾಲ ಎಂದರೆ ನಂಬಲಿಲ್ಲ. ಈಗ ಡಾಟ್ ಎಐ ಹಿಂದೆ ಬಿದ್ದಿದ್ದಾನೆ. ಅದು ಕೆರಿಬಿಯನ್ನಿನ ಆಂಗ್ವಿಲಾ ಎಂಬ ಪುಟ್ಟ ದ್ವೀಪದ್ದು. ಜಗತ್ತಿಗೆಲ್ಲ ಎಐ ಹುಚ್ಚು ಹಿಡಿದದ್ದೇ ಆ ದ್ವೀಪಕ್ಕೆ ಭರ್ಜರಿ ಆದಾಯ. ಆ ಬಾಲವನ್ನು ಕೊಳ್ಳುವುದಾದರೆ ಕನಿಷ್ಠ ಎರಡು ವರ್ಷಕ್ಕೆ ಕೊಳ್ಳಬೇಕು. ಇವನ ಉತ್ಸಾಹದ ಆಯಸ್ಸು ಎರಡು ವಾರ.

'ನೋಡಿ ಅಣ್ಣ, ಮಗಳಿಗೆ ಹೆಸರಿಡೋಕೆ ಇವರು ಒಂದು ವರ್ಷ ತಗೊಂಡ್ರು' ಅಂದರು ಅವನ ಹೆಂಡತಿ.

ನಾನು ನನ್ನ ಗೋಳು ಶುರು ಮಾಡಿದೆ. ಬಳಸುವುದಿಲ್ಲ, ಬಿಡುವುದಿಲ್ಲ, ಸುಮ್ನೆ ಹಿಡಿದುಕೊಂಡು ಕೂರುತ್ತಾರೆ, ಇಂಥವರಿಗೆ ಏನು ಹೇಳಬೇಕು? 'ನಾಚಿಕೆ ಇಲ್ಲದವರು ಮಾರಾಯ' ಅಂದ ಗೆಳೆಯ. ಅವನ ಕಣ್ಣು ಲ್ಯಾಪ್‌ಟಾಪಿನ ಮೇಲೆ, ಕೈ ಮೌಸಿನ ಮೇಲೆ. ಕುರ್ಚಿ ಯೋಗವನ್ನು ಮುಂದಿನ ವರ್ಷಕ್ಕೆ ರಿನ್ಯೂ ಮಾಡುತ್ತಿದ್ದ.

'ಅದನ್ನಾದ್ರೂ ಬಿಡೋ' ಅಂದೆ.

'ಬಿಟ್ರೆ ಯಾರಾದ್ರೂ ತಗೊಂಡುಬಿಡ್ತಾರೆ.'

'ತಗೊಳ್ಳಲಿ. ನೀನೇನೂ ಮಾಡಲ್ವಲ್ಲ?'

'ಮಾಡ್ತೀನಿ' ಅಂದ. ಎಷ್ಟು ಗಟ್ಟಿಯಾಗಿ ಅಂದನೆಂದರೆ, ಒಂದು ಗಳಿಗೆ ನಾನೇ ನಂಬಿಬಿಟ್ಟೆ.

ಇಂಥ ಹೊತ್ತಿಗೆ ಅವನ ಬತ್ತಳಿಕೆಯಲ್ಲಿ ಯಾವಾಗಲೂ ಒಂದು ಕತೆ ಇರುತ್ತದೆ. 2015ರಲ್ಲಿ ಸನ್ಮಯ್ ವೇದ್ ಎಂಬುವರು ರಾತ್ರಿ ಹೊತ್ತು ಸುಮ್ನೆ ಹುಡುಕುತ್ತಿದ್ದಾಗ ಗೂಗಲ್ ಡಾಟ್ ಕಾಮ್ ಹೆಸರೇ 12 ಡಾಲರಿಗೆ ಮಾರಾಟಕ್ಕೆ ಕಂಡಿತು. ಕೊಂಡೇಬಿಟ್ಟರು. ಒಂದು ನಿಮಿಷ ಅವರದೇ ಆಗಿತ್ತು. ಆಮೇಲೆ ಆರ್ಡರ್ ರದ್ದಾಗಿ ದುಡ್ಡು ವಾಪಸ್ಸು ಬಂತು. ಗೂಗಲ್‌ನವರು ಕೊಟ್ಟ ಬಹುಮಾನ 6,006.13 ಡಾಲರ್. ಇಂಗ್ಲಿಷ್ ಅಂಕಿಗಳಲ್ಲಿ ಬರೆದು ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಿದರೆ ಗೂಗಲ್ ಅಂತಲೇ ಓದಬಹುದು. ಅವರು ಅದನ್ನು ದಾನಕ್ಕೆ ಕೊಡಿ ಎಂದಾಗ ಕಂಪನಿ ಮೊತ್ತವನ್ನು ದುಪ್ಪಟ್ಟು ಮಾಡಿತು. 'ತಾಳ್ಮೆ ಇದ್ರೆ ಎಲ್ಲಾ ಸಿಗತ್ತೆ' ಎಂಬುದು ಗೆಳೆಯ ಇದರಿಂದ ತೆಗೆಯುವ ನೀತಿ. ಸಿಕ್ಕಿದ್ದು ಒಂದು ನಿಮಿಷಕ್ಕೆ ಎಂಬ ಭಾಗವನ್ನು ಮಾತ್ರ ಅವನು ಬೇಗ ಬೇಗ ಹೇಳುತ್ತಾನೆ.

ಪರದೆಯ ಮೇಲೆ ಅವನ ಡೊಮೇನ್‌ಗಳ ಪಟ್ಟಿ ಕೆಳಗೆ ಸರಿಯುತ್ತಾ ಹೋಯಿತು. ತಳದಲ್ಲಿ ಗುರುತಿನ ಹೆಸರೊಂದು ಕಂಡಿತು. ಕಾಲೇಜು ಮುಗಿಸಿದ ಹೊಸದರಲ್ಲಿ ನಾವಿಬ್ಬರೂ ಸೇರಿ ಪತ್ರಿಕೆಯೊಂದನ್ನು ತರಬೇಕೆಂದು ಓಡಾಡಿದ್ದೆವು. ಪತ್ರಿಕೆ ಬರಲಿಲ್ಲ. ನಾನು ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. 'ಇದು ಇನ್ನೂ ಇದೆಯೇನೋ?' ಅಂದೆ. 'ಅದು ಆಟೋ ರಿನ್ಯೂವಲ್‌ನಲ್ಲಿದೆ' ಅಂದ, ತಲೆ ಎತ್ತದೆ. ಆ ಹೆಸರನ್ನು ಬಿಡು ಅಂತ ಹೇಳಲು ನನಗೂ ಬಾಯಿ ಬರಲಿಲ್ಲ. ಮೊದಲ ಸಂಚಿಕೆಗೆ ಅಂತ ನಾನೊಂದು ಲೇಖನ ಬರೆದಿದ್ದೆ. ಎಲ್ಲಿ ಹೋಯಿತೋ.

'ಇರಲಿ, ನಿನ್ನ ಹೆಸರು ಯಾವುದು, ಹೇಳು' ಅಂದ. ಹೇಳಬಾರದಿತ್ತು ಅಂತ ಈಗ ಅನಿಸುವುದಿಲ್ಲ, ಎದುರಿಗೆ ಕೂತವನಿಗೆ ಎಷ್ಟು ಹೊತ್ತು ಅಂತ ಮುಚ್ಚಿಡುವುದು? ಹೇಳಿದೆ. ಟೈಪ್ ಮಾಡಿದ. 'ಡಾಟ್ ಫನ್ ಖಾಲಿ ಇದೆ ನೋಡು! ನಗೆಬರಹಕ್ಕೆ ಇದಕ್ಕಿಂತ ಬೇಕಾ?'

ಮುಂದೆ ಅವನ ಕೈಚಳಕ ನೋಡಬೇಕು. ಮೊದಲ ವರ್ಷದ ಬೆಲೆ ಪರದೆ ತುಂಬ ಇತ್ತು, ಎರಡನೆಯ ವರ್ಷದ್ದಕ್ಕೆ ಭೂತಗನ್ನಡಿ ಬೇಕು. ಇಮೇಲ್, ಹೋಸ್ಟಿಂಗ್, ಭದ್ರತೆ, ಲೋಗೊ, ಎಲ್ಲಕ್ಕೂ ಮೊದಲೇ ಟಿಕ್ ಹಾಕಿಟ್ಟಿದ್ದರು. ಇವನು ಟಕಟಕ ಅಂತ ಒಂದೊಂದನ್ನೇ ಕಿತ್ತ. ಪರದೆ ಬಿಡಲಿಲ್ಲ. 'ಬೇಡ, ನನ್ನ ವೆಬ್‌ಸೈಟ್ ಅಪಾಯದಲ್ಲಿದ್ದರೂ ಪರವಾಗಿಲ್ಲ' ಅಂತ ಬರೆದ ಬೂದು ಬಣ್ಣದ ಸಣ್ಣ ಬಟನ್ ಮುಂದೆ ತಂದಿತು. ಅದನ್ನೂ ಒತ್ತಿದ. 'ಸ್ವಲ್ಪ ಯೋಚನೆ ಮಾಡೋಣ' ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ದುಡ್ಡು ಹೋಗಿ, ಅಭಿನಂದನೆ ಬಂದಾಗಿತ್ತು. ಅಭಿನಂದನೆ ಅವನ ಹೆಸರಿಗೆ.

'ನಂಗೆ ಬೇಕಾಗಿತ್ತು ಕಣೋ' ಅಂದೆ.

'ನಿಂಗೇ. ಆದ್ರೆ ಹೊಸ ಡೊಮೇನನ್ನ 60 ದಿನ ಬೇರೆ ರಿಜಿಸ್ಟ್ರಾರ್‌ಗೆ, ಅಂದ್ರೆ ಡೊಮೇನ್ ಮಾರೋ ಬೇರೆ ಕಂಪನಿಗೆ, ಕಳಿಸೋ ಹಾಗಿಲ್ಲ, ರೂಲ್ಸು. ಅಲ್ಲೀತನಕ ನನ್ನ ಹತ್ರಾನೇ ಇರಲಿ.' ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. 'ಹೆಸರು ಚೆನ್ನಾಗಿದೆ. ಇದರಲ್ಲಿ ನಂಗೂ ಒಂದು ಐಡಿಯಾ ಬರ್ತಾ ಇದೆ.'