ಅಮ್ಮ ಉಗುರು ಊರಿ ನೋಡಿದ ಕುಂಬಳಕಾಯಿ

ಅಕ್ಟೋಬರ್ ಬಂತು ಅಂದ್ರೆ ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಕ್ಕಳಿರೋ ಮನೆಯವರು ಒಂದು ಶನಿವಾರನಾದ್ರೂ ಹಾಫ್ ಮೂನ್ ಬೇ ಅನ್ನೋ ಕಡಲತೀರದ ಊರಿನ ಕಡೆ ಕಾರು ತಿರುಗಿಸ್ಲೇಬೇಕು, ಹ್ಯಾಲೋವೀನ್ ಹಬ್ಬಕ್ಕೆ ಕುಂಬಳಕಾಯಿ ಆರಿಸಕ್ಕೆ. 2023ರಲ್ಲಿ ಅಮ್ಮ ಸಾಗರದಿಂದ ಬಂದಿದ್ಲು, ಅವಳನ್ನೂ ಹತ್ತಿಸ್ಕೊಂಡು ಹೊರಟ್ವಿ. ಹೈವೇ 92ರಲ್ಲಿ ಕಾರು ತೆವಳಿ ತೆವಳಿ ಬೆಟ್ಟ ಇಳಿಯೋಷ್ಟರಲ್ಲಿ ಚಕ್ಕುಲಿ ಡಬ್ಬಿ ಖಾಲಿ, ಮಗ ಎರಡು ಸಲ ಸೂಸು ಅಂದಾಗಿತ್ತು. "ಒಂದು ಕುಂಬಳಕಾಯಿಗೆ ಇಷ್ಟು ದೂರನಾ, ಪೇಟೇಲಿ ಸಿಗಲ್ವಾ?" ಅಂದ್ಲು ಅಮ್ಮ. ಸಿಗುತ್ತೆ, ಮನೆ ಹತ್ರದ ಅಂಗಡಿ ಬಾಗಿಲಲ್ಲೇ ರಾಶಿ ಹಾಕಿರ್ತಾರೆ, ಅದೂ ಕಮ್ಮಿ ರೇಟಿಗೆ. ನಾನು ಬಾಯಿ ಬಿಡ್ಲಿಲ್ಲ.

ಹೊಲ ನೋಡಕ್ಕೆ ಚೆಂದ. ಒಣಹುಲ್ಲು ಹಾಸಿ ಅದರ ಮೇಲೆ ಕಿತ್ತಳೆ ಬಣ್ಣದ ಕಾಯಿಗಳು, ಕಣ್ಣು ಹಾಯಿಸಿದಷ್ಟು ದೂರ. ಎಲ್ಲರೂ ಫೋಟೋ ತೆಗೀತಿದ್ರೆ ಅಮ್ಮ ಮಾತ್ರ ಬಗ್ಗಿ ಏನೋ ಹುಡುಕ್ತಿದ್ಲು.

"ಬಳ್ಳಿ ಎಲ್ಲೇ?"

ನಾನು ಐದು ವರ್ಷದಿಂದ ಬರ್ತಿದೀನಿ, ಈ ಪ್ರಶ್ನೆ ನಂಗೆ ಹೊಳೆದೇ ಇಲ್ಲ. ಬಳ್ಳಿ ಇಲ್ಲ! ಬೇರೆ ಕಡೆ ಬೆಳೆದಿದ್ದನ್ನ ತಂದು ಇಲ್ಲಿ ಸಾಲಾಗಿ ಇಟ್ಟಿದಾರೆ, ನಾವು ಹುಡುಕಿ ಹುಡುಕಿ "ಆರಿಸ್ತೀವಿ". ಅಮ್ಮಂಗೆ ನಗು ತಡೆಯಕ್ಕಾಗ್ಲಿಲ್ಲ. ಊರಲ್ಲಿ ಗೊಬ್ಬರಗುಂಡಿ ಪಕ್ಕ ಹಬ್ಬಿದ ಬಳ್ಳಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಗಂಡು ಹೂವು ಮಾತ್ರ ಕಿತ್ತು ಬಜ್ಜಿ ಮಾಡಿ, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವನ್ನ ಮುಟ್ಟದೆ ಬಿಡೋಳು ಅವಳು.

ಆದ್ರೂ ಆರಿಸಿದ್ದು ಅವಳೇ. ಮಗ ದೊಡ್ಡದು ತೋರಿಸಿದ್ರೆ ಅವಳು ಉಗುರು ಊರಿ ನೋಡಿ "ಇದು ಎಳೇದು" ಅಂತ ಪಕ್ಕಕ್ಕೆ ಸರಿಸೋಳು. ಕೊನೆಗೆ ಒಂದರಲ್ಲಿ ಉಗುರು ಇಳೀಲಿಲ್ಲ. ಅವನು ಖುಷಿಯಿಂದ ತೊಟ್ಟು ಹಿಡಿದು ಎತ್ತಕ್ಕೆ ಹೋದ, ಅಮ್ಮ ಹೌಹಾರಿ "ತೊಟ್ಟು ಮುರಿದ್ರೆ ಕೊಳೆಯುತ್ತೆ ಕಣೋ!" ಅಂತ ಕೂಗಿದ್ದಕ್ಕೆ ಪಕ್ಕದ ಅಮೆರಿಕನ್ ಫ್ಯಾಮಿಲಿ ಕೂಡ ತಮ್ಮದನ್ನ ಕೆಳಗಿಟ್ಟು ನಿಂತ್ರು. ತೊಟ್ಟು ಗಟ್ಟಿ ಇದ್ರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡಬಹುದು, ನಮ್ಮಜ್ಜಿ ಮನೇಲಿ ಹಾಗೇ ಇರ್ತಿತ್ತು. ಹತ್ತೊಂಬತ್ತು ಪೌಂಡ್ ತೂಗ್ತು. ರೇಟನ್ನ ರೂಪಾಯಿಗೆ ತಿರುಗಿಸಿ ಹೇಳಬೇಡಿ ಅಂತ ನಮ್ಮನೆಯವರಿಗೆ ಕಣ್ಸನ್ನೆ ಮಾಡ್ದೆ.

ಆ ತಿಂಗಳೇ ಹಾಫ್ ಮೂನ್ ಬೇನಲ್ಲಿ ನಡೆದ ತೂಕದ ಸ್ಪರ್ಧೆಗೆ ಮಿನ್ನೆಸೋಟದ ತೋಟಗಾರಿಕೆ ಮೇಷ್ಟ್ರೊಬ್ರು 2,749 ಪೌಂಡಿನ ಕಾಯಿ ತಂದು ವಿಶ್ವದಾಖಲೆ ಮಾಡಿದ್ರು, ಅಂದ್ರೆ 1,247 ಕೆಜಿ, ನಮ್ಮೂರಿನ ಆಲ್ಟೋ ಕಾರಿಗಿಂತ ಭಾರ. ಅದಕ್ಕೆ ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡಾನ್ ಹೆಸರು ಬೇರೆ. ಅಮ್ಮ ಕೇಳಿದ್ದು ಒಂದೇ: "ಆಮೇಲೆ ಏನ್ ಮಾಡಿದ್ರು ಅದನ್ನ, ಹುಳಿನಾ?"

ಮನೆಗೆ ಬಂದು ಹ್ಯಾಲೋವೀನ್‌ಗೆ ಕಣ್ಣು ಬಾಯಿ ಕೊರೆಯಣ ಅಂತ ಚಾಕು ಹಿಡಿದೆ, ಅಮ್ಮ ಕಸ್ಕೊಂಡ್ಲು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕೋ ಹಾಗಿಲ್ಲ. ಅಳಿಯಂದ್ರು ಮೀಟಿಂಗಲ್ಲಿ. ನಾನು, ಅಮ್ಮ, ಮಗ, ಮೂರೂ ಜನ ಅಡುಗೆಮನೆ ನೆಲದ ಮೇಲೆ ಕುಂಬಳಕಾಯಿ ಸುತ್ತ ಕೂತು ನಲವತ್ತು ನಿಮಿಷ ಕಾದ್ವಿ. ಸಾಫ್ಟ್‌ವೇರ್ ಆರ್ಕಿಟೆಕ್ಟು ಹೆಡ್‌ಫೋನ್ ಹಾಕ್ಕೊಂಡೇ ಬಂದು ಒಂದು ಗೀರು ಎಳೆದು, ಮ್ಯೂಟ್ ತೆಗೆದು, ವಾಪಸ್ ಹೋದ್ರು.

ಒಳಗಿನ ತಿರುಳು ಕಸಕ್ಕೆ ಹೋಗಕ್ಕೆ ಅಮ್ಮ ಬಿಡ್ಲಿಲ್ಲ. ಬೀಜಕ್ಕೆ ಉಪ್ಪು ಸವರಿ ಹುರಿದ್ಲು, ಅದು ಸೂಪರ್. ಪಲ್ಯ ಮಾತ್ರ ಪೂರ್ತಿ ನಾರು, ನೀರು, ಸಪ್ಪೆ. ಎರಡು ಅಚ್ಚು ಬೆಲ್ಲ ಹಾಕಿದ್ರೂ ದಾರಿಗೆ ಬರ್ಲಿಲ್ಲ. ಇದು ಕೊರೆಯಕ್ಕೆ ಅಂತಲೇ ಬೆಳೆಯೋ ಜಾತಿ, ಅಡುಗೆಗೆ ಸಣ್ಣದು ಬೇರೆ ಇದೆ ಅಂದೆ. "ತಿನ್ನಕ್ಕಲ್ದೆ ಕುಂಬಳಕಾಯಿ ಬೆಳೀತಾರಾ" ಅಂತ ಅವಳು ದಿನವಿಡೀ ಗೊಣಗಿದ್ಲು.

ಮಗ ಕೊರೆದ ಮುಖ ಬಾಗಿಲಲ್ಲಿ ಕೂತ್ಕೊಳ್ತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದ್ರೆ ಒಂದು ಅಳಿಲು ಅದರ ಮೂಗಿನೊಳಗೆ ತಲೆ ತೂರಿಸಿ ಗಬಗಬ ತಿಂತಿದೆ, ಮಗ ಅಳ್ತಾ ಓಡಿಸಕ್ಕೆ ಹೋದ. ಅಮ್ಮ ಕಾಫಿ ಲೋಟ ಹಿಡ್ಕೊಂಡು ಅವನ ಕೈ ಹಿಡಿದು ನಿಲ್ಲಿಸಿದ್ಲು.

"ಬಿಡೋ, ತಿನ್ಲಿ. ಇಷ್ಟು ಜನರಲ್ಲಿ ಅದಕ್ಕೊಂದಕ್ಕೇ ಗೊತ್ತಾಗಿದೆ."