ಸ್ವಾನ್ಸೀ ಎಂ.ಪಿ ಮಾಡಿದ ಮೂರು ಕೆಲಸ, ನಮ್ಮ ಎಂ.ಪಿಗಳ ಕೈ ಕಟ್ಟಿದ ವಿಪ್

ಕೆರೊಲಿನ್ ಹ್ಯಾರಿಸ್ ಹೆಸರು ಕರ್ನಾಟಕದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಲಂಡನ್ನಿನಲ್ಲಿರುವ ನನ್ನ ಕನ್ನಡದ ಗೆಳೆಯರೇ "ಯಾರಪ್ಪಾ ಅವರು?" ಅಂದರು. ವೇಲ್ಸ್‌ನ ಸ್ವಾನ್ಸೀ ಈಸ್ಟ್ ಕ್ಷೇತ್ರದಿಂದ 2015ರಲ್ಲಿ ಲೇಬರ್ ಪಕ್ಷದಿಂದ ಗೆದ್ದು ಬ್ರಿಟನ್ ಸಂಸತ್ತಿಗೆ ಹೋದವರು. ಅದಕ್ಕೂ ಮೊದಲು ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ಮಾಡಿದ್ದರು, ಬಾರ್‌ನಲ್ಲೂ ದುಡಿದಿದ್ದರು. ಗೆದ್ದ ಮೇಲೆ 9 ವರ್ಷ ಅವರ ಪಕ್ಷ ವಿರೋಧ ಪಕ್ಷದ ಸಾಲಿನಲ್ಲೇ ಕೂತಿತ್ತು. ಆ 9 ವರ್ಷದಲ್ಲೇ ಅವರು ಮೂರು ಕೆಲಸ ಮಾಡಿಸಿಕೊಂಡರು. ವಿರೋಧ ಪಕ್ಷದ ಒಬ್ಬ ಎಂ.ಪಿ ಹಾಗೆ ಮಾಡಿಸಲು ಸಾಧ್ಯ ಅಂತ ಬ್ರಿಟನ್ನಿಗೆ ಬರೋ ತನಕ ನಾನು ಅಂದುಕೊಂಡಿರಲಿಲ್ಲ.

ಮೊದಲನೆಯದು ಮಕ್ಕಳ ಅಂತ್ಯಸಂಸ್ಕಾರದ ಖರ್ಚು. 1989ರಲ್ಲಿ ಹ್ಯಾರಿಸ್ ಅವರ 8 ವರ್ಷದ ಮಗ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ. ಮಣ್ಣು ಮಾಡಲು ಕೈಯಲ್ಲಿ ದುಡ್ಡಿರಲಿಲ್ಲ. ನೆರೆಹೊರೆಯವರು ಕೂಡಿಸಿ ಕೊಟ್ಟರು, ಉಳಿದದ್ದಕ್ಕೆ ಸಾಲ ಮಾಡಿದರು. ಇಲ್ಲಿ ಸ್ಮಶಾನದಲ್ಲಿ ಒಂದು ಗುಂಡಿಗೂ ಶುಲ್ಕ ಕಟ್ಟಬೇಕು, ದಹನಕ್ಕೂ ಕಟ್ಟಬೇಕು. ಮಗು ಅಂತ ಎಲ್ಲ ಕಡೆ ರಿಯಾಯಿತಿ ಇರಲಿಲ್ಲ. ಎಂ.ಪಿ ಆದ ಮೇಲೆ ಅವರು ಇದನ್ನು ಸದನದಲ್ಲಿ ಎತ್ತಿದರು. ಮಾತಾಡುತ್ತಾ ಅತ್ತರು. ಮತ್ತೆ ಮತ್ತೆ ಎತ್ತಿದರು. ವೇಲ್ಸ್ ಸರ್ಕಾರ 2017ರಲ್ಲೇ ಶುಲ್ಕ ತೆಗೆಯಿತು. ಇಂಗ್ಲೆಂಡಿಗೂ ಮಾಡುತ್ತೇವೆ ಅಂತ 2018ರಲ್ಲಿ ಪ್ರಧಾನಿ ತೆರೇಸಾ ಮೇ ಹೇಳಿದರು. ಕೊನೆಗೆ 2019ರ ಜುಲೈನಲ್ಲಿ ಅದು ಜಾರಿಗೆ ಬಂತು. ಈಗ 18 ವರ್ಷದೊಳಗಿನ ಮಗು ತೀರಿಕೊಂಡರೆ ಹೂಳುವ ಅಥವಾ ಸುಡುವ ಶುಲ್ಕ ಸರ್ಕಾರದ್ದು, ಪೆಟ್ಟಿಗೆಗೆ 300 ಪೌಂಡ್‌ವರೆಗೂ ಕೊಡುತ್ತಾರೆ. ನಿಮ್ಮ ಆದಾಯ ಎಷ್ಟು ಅಂತ ಕೇಳುವುದಿಲ್ಲ.

ನನಗೆ ಹಿಡಿಸಿದ್ದು ಆ ಕೊನೆಯ ಮಾತು. ನಮ್ಮಲ್ಲೂ ಬಿಪಿಎಲ್ ಕುಟುಂಬಕ್ಕೆ 5 ಸಾವಿರ ಕೊಡುವ ಅಂತ್ಯಸಂಸ್ಕಾರ ಯೋಜನೆ ಬಂದಿತ್ತು. ಆದರೆ ಮನೆಯಲ್ಲಿ ಹೆಣ ಇಟ್ಟುಕೊಂಡವರು ಕಾರ್ಡು, ಸರ್ಟಿಫಿಕೇಟು ಅಂತ ಯಾರ ಹಿಂದೆ ಓಡಬೇಕು ಹೇಳಿ? ದುಡ್ಡು ಬರೋದು ತಿಥಿ ಎಲ್ಲ ಮುಗಿದ ಮೇಲೆ.

ಎರಡನೆಯದು ಜೂಜಿನ ಮಷಿನ್ನು. ಇಲ್ಲಿನ ಪೇಟೆ ಬೀದಿಗಳಲ್ಲಿ ಬೆಟ್ಟಿಂಗ್ ಅಂಗಡಿಗಳು ಕಾನೂನುಬದ್ಧ. ನಮ್ಮೂರಲ್ಲಿ ಓಸಿ ಬರೆಸೋರು ಬೀಡಾ ಅಂಗಡಿ ಹಿಂದೆ ಕದ್ದುಮುಚ್ಚಿ ನಿಲ್ಲುತ್ತಾರಲ್ಲ, ಇಲ್ಲಿ ಅದಕ್ಕೆ ಬೋರ್ಡು, ಎಸಿ, ಕಾರ್ಪೆಟ್ಟು. ಸ್ವಾನ್ಸೀಯ ಒಂದು ಅಂಗಡಿಗೆ ಸುಮ್ನೆ ಕುತೂಹಲಕ್ಕೆ ನುಗ್ಗಿದ್ದೆ. ಗೋಡೆ ತುಂಬ ಟಿವಿ, ಅದರಲ್ಲಿ ಕುದುರೆ ರೇಸು. ಅದನ್ನು ನೋಡುವವರು ಇಬ್ಬರೇ ಮುದುಕರು. ಉಳಿದವರೆಲ್ಲ ಮೂಲೆಯ ಮಷಿನ್ನುಗಳ ಮುಂದೆ. ಗಾರೆ ಕೆಲಸದ ಬಟ್ಟೆಯಲ್ಲೇ ಬಂದಿದ್ದ ಒಬ್ಬ ಹುಡುಗ ಪರದೆ ಮೇಲೆ ರೂಲೆಟ್ ಚಕ್ರ ತಿರುಗಿಸುತ್ತಿದ್ದ. ಚಕ್ರ ನಿಲ್ಲುವ ಮುಂಚೆಯೇ ಅವನ ಬೆರಳು ಮತ್ತೆ ಗುಂಡಿ ಮೇಲಿರುತ್ತಿತ್ತು.

ಈ ಮಷಿನ್ನುಗಳಲ್ಲಿ ಒಂದು ಕಾಲಕ್ಕೆ 20 ಸೆಕೆಂಡಿಗೊಮ್ಮೆ 100 ಪೌಂಡ್ ಕಟ್ಟಬಹುದಿತ್ತು. ಅಂದರೆ ನಿಮಿಷಕ್ಕೆ 300. ಒಂದು ವಾರದ ಸಂಬಳ ಚಹಾ ಕುಡಿಯುವಷ್ಟರಲ್ಲಿ ಮಾಯ. ಅದನ್ನು 2 ಪೌಂಡ್‌ಗೆ ಇಳಿಸಿ ಅಂತ ಹ್ಯಾರಿಸ್ ಹಠ ಹಿಡಿದರು. ಎಲ್ಲ ಪಕ್ಷದ ಎಂ.ಪಿಗಳನ್ನು ಸೇರಿಸಿ ಒಂದು ಗುಂಪು ಕಟ್ಟಿದರು. ಆ ಗುಂಪಿನಲ್ಲಿ ಅವರ ಪಕ್ಕ ಕೂತವರು ಇಯನ್ ಡಂಕನ್ ಸ್ಮಿತ್. ಆಗ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷದ ಮಾಜಿ ನಾಯಕ, ಬಡವರ ಸಹಾಯಧನಕ್ಕೆ ಕತ್ತರಿ ಹಾಕಿದರು ಅಂತ ಲೇಬರ್‌ನವರು ದಿನಾ ಬೈಯುತ್ತಿದ್ದ ಮನುಷ್ಯ. ಮಿಕ್ಕ ಎಲ್ಲದರಲ್ಲೂ ಜಗಳ, ಇದೊಂದರಲ್ಲಿ ಒಟ್ಟಿಗೆ.

ಸರ್ಕಾರ 2018ರ ಮೇ ತಿಂಗಳಲ್ಲಿ ಒಪ್ಪಿತು. ಆಮೇಲೆ ಬಜೆಟ್ ಹೊತ್ತಿಗೆ ರಾಗ ಎಳೆಯಿತು: 2019ರ ಅಕ್ಟೋಬರ್‌ನಿಂದ ಮಾಡೋಣ. ಈ ಖಾತೆ ನೋಡಿಕೊಳ್ಳುತ್ತಿದ್ದ ಮಂತ್ರಿ ಟ್ರೇಸಿ ಕ್ರೌಚ್ ತಡ ಮಾಡಿದ್ದಕ್ಕೇ ರಾಜೀನಾಮೆ ಬಿಸಾಕಿದರು. ಆಳುವ ಪಕ್ಷದ ಎಂ.ಪಿಗಳೇ ವಿರೋಧಿಗಳ ಜೊತೆ ಸೇರಿ ಹಣಕಾಸು ಮಸೂದೆಗೆ ತಿದ್ದುಪಡಿ ತರಲು ಹೊರಟರು. ಸೋಲುವ ಲೆಕ್ಕ ಕಂಡ ಸರ್ಕಾರ ಹಿಂದೆ ಸರಿಯಿತು. 2019ರ ಏಪ್ರಿಲ್ 1ರಿಂದಲೇ 2 ಪೌಂಡ್.

ನಮ್ಮ ದಾರಿ ಬೇರೆ. 2007ರಲ್ಲಿ ಕರ್ನಾಟಕ ಲಾಟರಿಯನ್ನೇ ಎತ್ತಿಬಿಟ್ಟಿತು. ಒಂದು ಆದೇಶ, ಮುಗೀತು. ಎಷ್ಟೋ ಮನೆ ಉಳಿಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2021ರಲ್ಲಿ ಅದೇ ವೇಗದಲ್ಲಿ ಆನ್‌ಲೈನ್ ಜೂಜಿನ ಮೇಲೆ ಕಾನೂನು ತಂದರು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನೇ ರದ್ದು ಮಾಡಿತು. ಆಮೇಲೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆಲ್ಲ ಕೇಂದ್ರವೇ 2025ರ ಆಗಸ್ಟ್‌ನಲ್ಲಿ ನಿಷೇಧ ತಂದಿತು. ಲೋಕಸಭೆಯಲ್ಲಿ ಗದ್ದಲದ ನಡುವೆ ಕೆಲವೇ ನಿಮಿಷದಲ್ಲಿ ಪಾಸು, ಮಾರನೇ ದಿನ ರಾಜ್ಯಸಭೆ, ಅದರ ಮಾರನೇ ದಿನ ರಾಷ್ಟ್ರಪತಿಗಳ ಸಹಿ. ಮೂರೇ ದಿನ! ಒಬ್ಬ ಎಂ.ಪಿಯಾದರೂ ಎದ್ದು, ನನ್ನ ಕ್ಷೇತ್ರದಲ್ಲಿ ಇಂಥ ಮನೆ ಹೀಗೆ ಹಾಳಾಯಿತು ಅಂತ ನೆಟ್ಟಗೆ ಹೇಳಲು ಅಲ್ಲಿ ಜಾಗ ಎಲ್ಲಿತ್ತು?

ಹಾಗಂತ ಇಲ್ಲಿನದು ಭಾರೀ ಚೆಂದ ಅಂತಲೂ ಅಲ್ಲ. ಅಂಗಡಿ ಮಷಿನ್ನಿಗೆ 2019ರಲ್ಲಿ ಕಡಿವಾಣ ಬಿತ್ತು, ಅಷ್ಟರಲ್ಲಿ ಜೂಜು ಎಲ್ಲರ ಫೋನಿಗೆ ಬಂದಾಗಿತ್ತು. ಆನ್‌ಲೈನ್ ಸ್ಲಾಟ್ ಆಟಕ್ಕೆ ಮಿತಿ ಬಂದದ್ದು 2025ರಲ್ಲಿ: 25 ವರ್ಷ ತುಂಬಿದವರಿಗೆ ಒಂದು ಸಲಕ್ಕೆ 5 ಪೌಂಡ್, ಅದಕ್ಕಿಂತ ಚಿಕ್ಕವರಿಗೆ 2. ಫೋನಿನಲ್ಲಿ ಜೂಜಾಡುವವನಿಗೆ ಈ ಆರು ವರ್ಷ ಸಣ್ಣದಲ್ಲ.

ಮೂರನೆಯದು ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಹಾರ್ಮೋನ್ ಔಷಧಿ. ಇದರಲ್ಲೊಂದು ತಮಾಷೆ ಇದೆ. ವೇಲ್ಸ್‌ನಲ್ಲಿ 2007ರಿಂದ ಡಾಕ್ಟರ್ ಬರೆದ ಔಷಧಿಗೆ ಕಾಸು ಕೊಡಬೇಕಾಗಿಲ್ಲ. ದುಡ್ಡು ಕಟ್ಟುತ್ತಿದ್ದವರು ಇಂಗ್ಲೆಂಡಿನವರು. ಅಂದರೆ ಹ್ಯಾರಿಸ್ ತನಗೆ ಓಟು ಹಾಕದ, ಮುಂದೆ ಹಾಕಲೂ ಆಗದ ಹೆಂಗಸರ ಖರ್ಚಿಗಾಗಿ ಹೋರಾಡಿದರು. ಮಂತ್ರಿಯಲ್ಲದ ಸದಸ್ಯರು ತಾವೇ ತರುವ ಮಸೂದೆಗೆ ಖಾಸಗಿ ಮಸೂದೆ ಅನ್ನುತ್ತಾರೆ. ಅದನ್ನು ತರುವ ಅವಕಾಶ ಯಾರಿಗೆ ಅಂತ 2021ರಲ್ಲಿ ಚೀಟಿ ಎತ್ತುವಾಗ ಅವರ ಹೆಸರು ಬಂತು. ಆ ಅಕ್ಟೋಬರ್ ಕೊನೆಯ ಶುಕ್ರವಾರ ಮಸೂದೆ ಚರ್ಚೆಗೆ ಬಂದಾಗ ಸಂಸತ್ತಿನ ಹೊರಗೆ ಹೆಂಗಸರು ಸೇರಿದ್ದರು. ಸರ್ಕಾರ ಖರ್ಚು ಇಳಿಸುತ್ತೇವೆ ಅಂತ ಮಾತು ಕೊಟ್ಟಿತು, ಹ್ಯಾರಿಸ್ ಮಸೂದೆಯನ್ನು ಮತಕ್ಕೆ ಹಾಕಲಿಲ್ಲ. ಅವರು ಕೇಳಿದ್ದು ಪೂರ್ತಿ ಉಚಿತ, ಸಿಕ್ಕಿದ್ದು 2023ರ ಏಪ್ರಿಲ್‌ನಿಂದ ಸುಮಾರು 19 ಪೌಂಡ್ ಕಟ್ಟಿದರೆ ವರ್ಷವಿಡೀ ಈ ಔಷಧಿಗೆ ಬೇರೆ ಕಾಸು ಕೊಡಬೇಕಿಲ್ಲದ ಒಂದು ಪಾಸು. ಮೊದಲು ಕೆಲವರಿಗೆ ಎರಡೇ ಸಲದ ಔಷಧಿಗೆ ಅಷ್ಟು ಆಗುತ್ತಿತ್ತು.

ಈ ವಿಷಯದಲ್ಲಿ ನಮ್ಮವರೇನು ಹಿಂದೆ ಬಿದ್ದಿಲ್ಲ. ಮುಟ್ಟಿನ ರಜೆ ಅಂತ ತಿಂಗಳಿಗೊಂದು ದಿನ, ಸಂಬಳ ಸಮೇತ, ಖಾಸಗಿ ಕಂಪನಿಗಳಿಗೂ ಸೇರಿಸಿ ಕರ್ನಾಟಕ 2025ರಲ್ಲಿ ತೀರ್ಮಾನಿಸಿತು. ಇಲ್ಲಿನ ಸಹೋದ್ಯೋಗಿಗಳಿಗೆ ಹೇಳಿದಾಗ ನಂಬಲಿಲ್ಲ. ಆದರೆ ಗಮನಿಸಿ, ಅದು ಸರ್ಕಾರದ ತೀರ್ಮಾನ. ಅದನ್ನು ಹಿಡಿದು ವರ್ಷಗಟ್ಟಲೆ ಸದನದಲ್ಲಿ ಕಾಡಿದ ಒಬ್ಬ ಶಾಸಕರ ಹೆಸರು ಹೇಳಿ ಅಂದರೆ ನನಗೆ ಬರಲ್ಲ.

ನಮ್ಮ ಪ್ರತಿನಿಧಿಗಳಿಗೆ ಸದನ ಬಿಟ್ಟು ಮಿಕ್ಕ ಎಲ್ಲ ಕೆಲಸ ಇದೆ. ಬೆಳಿಗ್ಗೆ ಆರಕ್ಕೇ ಮನೆ ಮುಂದೆ ಜನ. ವರ್ಗಾವಣೆ, ಕಾಲೇಜು ಸೀಟು, ಬೋರ್‌ವೆಲ್, ಗೃಹಪ್ರವೇಶದ ಕರೆಯೋಲೆ. ಮದುವೆಗೆ ಬರದ ಎಂ.ಪಿಗೆ ಮುಂದಿನ ಸಲ ಓಟು ಇಲ್ಲ, ಪ್ರಶ್ನೆ ಕೇಳದ ಎಂ.ಪಿಗೆ ಏನೂ ಆಗಲ್ಲ. ಇಲ್ಲೂ ವಾರದ ಕೊನೆಗೆ ಎಂ.ಪಿ ಜನರನ್ನು ಭೇಟಿ ಮಾಡುತ್ತಾರೆ, ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು. ಅಮ್ಮನ ವೀಸಾ ವಿಷಯಕ್ಕೆ ನಾನೂ ಒಬ್ಬರ ಹತ್ತಿರ ಹೋಗಿದ್ದೆ. ಕಾಲು ಗಂಟೆ, ಒಂದು ಪ್ಲಾಸ್ಟಿಕ್ ಕುರ್ಚಿ, ಬರೆದುಕೊಳ್ಳಲು ಒಬ್ಬ ಹುಡುಗಿ. ಹಾರ ಇಲ್ಲ, ಹಿಂಬಾಲಕರಿಲ್ಲ. ವೀಸಾ ಬೇಗ ಬರಲಿಲ್ಲ, ಅದು ಬೇರೆ ಮಾತು. ಹ್ಯಾರಿಸ್ ಕೂಡ ಕ್ರಿಸ್ಮಸ್ ಬಂತೆಂದರೆ ಕ್ಷೇತ್ರದ ಬಡ ಮನೆಗಳಿಗೆ ಊಟದ ಸಾಮಾನು ಹಂಚಿಸುತ್ತಾರೆ. ನಮ್ಮ ಶಾಸಕರ ಕಿಟ್ ನೆನಪಾಗಿ ನನಗೆ ಸ್ವಲ್ಪ ಇರಿಸುಮುರಿಸಾಗುತ್ತದೆ, ನಿಜ. ಆದರೆ ಅದೊಂದನ್ನೇ ಅವರು ಕೆಲಸ ಅಂದುಕೊಂಡಿಲ್ಲ.

ಜನರ ಬೇಡಿಕೆಗಿಂತ ದೊಡ್ಡ ತೊಡಕು ಕಾನೂನಿನಲ್ಲೇ ಇದೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ, ಮೀರಿದ ಎಂ.ಪಿ ಸೀಟನ್ನೇ ಕಳೆದುಕೊಳ್ಳಬಹುದು. ಲಂಡನ್ನಿನಲ್ಲೂ ವಿಪ್ ಇದೆ, ಮೀರಿದರೆ ಪಕ್ಷ ಮುನಿಸಿಕೊಳ್ಳುತ್ತೆ, ಹೊರಗೂ ಹಾಕಬಹುದು, ಆದರೆ ಎಂ.ಪಿ ಎಂ.ಪಿಯಾಗೇ ಉಳಿಯುತ್ತಾರೆ. ಜೂಜಿನ ಮಷಿನ್ ವಿಷಯದಲ್ಲಿ ಸರ್ಕಾರ ಹೆದರಿದ್ದು ಅದಕ್ಕೇ. ನಮ್ಮಲ್ಲಿ ಆಳುವ ಪಕ್ಷದವರು ವಿರೋಧಿಗಳ ಜೊತೆ ತಿದ್ದುಪಡಿಗೆ ಮತ ಹಾಕುತ್ತೇವೆ ಅಂದರೆ ಯಾವ ಸರ್ಕಾರವೂ ಬೆದರುವುದಿಲ್ಲ, ಅವರು ಹಾಕಲಾರರು ಅಂತ ಗೊತ್ತಲ್ವಾ? ನಮ್ಮ ಲೋಕಸಭೆಯಲ್ಲೂ ಶುಕ್ರವಾರ ಮಧ್ಯಾಹ್ನ ಖಾಸಗಿ ಮಸೂದೆಗಳದೇ ಹೊತ್ತು. ಸ್ವಾತಂತ್ರ್ಯ ಬಂದ ಮೇಲೆ ಅಂಥವು ಕಾನೂನಾದದ್ದು ಬರೀ 14. ಕೊನೆಯದು 1970ರಲ್ಲಿ.

ಪಕ್ಷಾಂತರದ ಕಾನೂನನ್ನೇ ಕಿತ್ತುಹಾಕಿ ಅಂತ ನಾನು ಹೇಳುತ್ತಿಲ್ಲ. ರೆಸಾರ್ಟ್ ರಾಜಕೀಯ ನೋಡಿದ ಕನ್ನಡಿಗ ಯಾರೂ ಹಾಗೆ ಹೇಳಲಾರ. ಸರ್ಕಾರ ಉಳಿಯೋ ಬೀಳೋ ಮತಕ್ಕೆ, ಬಜೆಟ್ಟಿಗೆ ವಿಪ್ ಇರಲಿ. ಮಿಕ್ಕ ಮಸೂದೆಗಳಿಗೆ ಬಿಡಿ, ಸದಸ್ಯರು ತಮಗೆ ಸರಿ ಕಂಡಂತೆ ಮತ ಹಾಕಲಿ. ಹೆಚ್ಚುಕಮ್ಮಿ ಇದನ್ನೇ ಕೇಳುವ ಖಾಸಗಿ ಮಸೂದೆಯನ್ನು ಕಾಂಗ್ರೆಸ್‌ನ ಮನೀಶ್ ತಿವಾರಿ 2025ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದಾರೆ. ಹಿಂದೆಯೂ ಮಂಡಿಸಿದ್ದರು. ನಿಮ್ಮ ಎಂ.ಪಿ ಮುಂದಿನ ಸಲ ಮದುವೆ ಮನೆಯಲ್ಲಿ ಸಿಕ್ಕಾಗ, ಇದರ ಬಗ್ಗೆ ನಿಮ್ಮ ಅಭಿಪ್ರಾಯ ಏನು ಸಾರ್ ಅಂತ ಒಂದು ಮಾತು ಕೇಳಿ ನೋಡಿ.