ಬೀಗ ಹಾಕಿದ ಬಿಸಿಲು

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಕಾರು ನಿಲ್ಲಿಸಿ ಇಳಿಯುವವನು ಮೊದಲು ಗಾಜುಗಳನ್ನೆಲ್ಲ ಬಿಗಿಯಾಗಿ ಏರಿಸುತ್ತಾನೆ. ಆಮೇಲೆ ಬೀಗ ಬಿತ್ತೋ ಇಲ್ಲವೋ ಎಂದು ಬಾಗಿಲಿನ ಹಿಡಿಯನ್ನು ಎರಡು ಸಲ ಎಳೆದು ನೋಡುತ್ತಾನೆ. ಒಳಗಿರುವ ಮೊಬೈಲು, ಲ್ಯಾಪ್‌ಟಾಪುಗಳನ್ನು ಕಳ್ಳರಿಂದ ಕಾಪಾಡಿದೆನೆಂಬ ನೆಮ್ಮದಿಯಲ್ಲಿ ಅವನು ನಡೆದುಹೋಗುವಷ್ಟರಲ್ಲಿ, ಕೀಲಿಕೈಯ ಹಂಗೇ ಇಲ್ಲದ ಬಿಸಿಲು ಮುಂದಿನ ಗಾಜಿನಿಂದ ಒಳಗೆ ಬಂದು ಕುಳಿತಾಗಿರುತ್ತದೆ. ಗಾಜನ್ನು ಎಷ್ಟು ಬಿಗಿಯಾಗಿ ಏರಿಸಿದ್ದೇವೋ ಅದಕ್ಕೆ ಅಷ್ಟೇ ಅನುಕೂಲ. ಬೆಳಕಾಗಿ ಒಳಹೊಕ್ಕದ್ದು ಕಪ್ಪು ಡ್ಯಾಶ್‌ಬೋರ್ಡಿಗೂ ಸೀಟಿಗೂ ತಗುಲಿ ಶಾಖವಾಗುತ್ತದೆ. ಆ ಶಾಖಕ್ಕೆ ಬಂದ ದಾರಿಯಲ್ಲೇ ಹಿಂದಿರುಗಲು ಗಾಜು ಬಿಡುವುದಿಲ್ಲ, ಬಿಸಿಯಾದ ಗಾಳಿಗೆ ಹೊರಗೆ ಹೋಗಲು ನಾವು ಬಿಟ್ಟಿರುವುದಿಲ್ಲ.

ಈ ಪಾಠ ನನಗೆ ಒಂದು ಪವರ್ ಬ್ಯಾಂಕಿನ ಬೆಲೆಗೆ ದೊರೆಯಿತು. ನೆಂಟರ ಮನೆಯ ಮದುವೆಗೆಂದು ಬೆಂಗಳೂರಿನಿಂದ ಹೋಗಿದ್ದವನು ಊಟಕ್ಕೆ ಇನ್ನೂ ಹೊತ್ತಿದೆಯೆಂದು ಅಲ್ಲಿನ ಒಂದು ದೇವಸ್ಥಾನಕ್ಕೆ ಹೊರಟೆ. ಮುಜರಾಯಿ ಇಲಾಖೆಯು 2023ರಲ್ಲಿ ದೇವಸ್ಥಾನಗಳೊಳಗೆ ಮೊಬೈಲ್ ಬಳಕೆಯನ್ನು ನಿಷೇಧಿಸಿದ ಮೇಲೆ, ಬಾಗಿಲಲ್ಲಿ ಫಲಕ ಕಂಡೊಡನೆ ಕಾರಿನತ್ತ ಹಿಂದಿರುಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಫೋನನ್ನು ಗೇರಿನ ಪಕ್ಕದ ಗುಂಡಿಯಲ್ಲಿಟ್ಟು, ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿದ್ದ ಪವರ್ ಬ್ಯಾಂಕನ್ನು ನೋಡಿಯೂ ನೋಡದಂತೆ ಬಿಟ್ಟು, ಬೀಗ ಹಾಕಿ ಹೋದೆ. ಒಂದೂವರೆ ಗಂಟೆಯ ನಂತರ ಬಾಗಿಲು ತೆರೆದಾಗ ಒಳಗಿನ ಗಾಳಿ ಮುಖಕ್ಕೆ ರಾಚಿತು. ಫೋನಿನ ಪರದೆಯ ಮೇಲೆ ಒಂದು ಥರ್ಮಾಮೀಟರಿನ ಚಿತ್ರವೂ, ತಣ್ಣಗಾಗುವವರೆಗೆ ತನ್ನನ್ನು ಬಳಸಬಾರದೆಂಬ ಸೂಚನೆಯೂ ಮೂಡಿದ್ದವು. ಪವರ್ ಬ್ಯಾಂಕು ಮಾತ್ರ ಯಾವ ಸೂಚನೆಯನ್ನೂ ಕೊಡದೆ, ಎಣ್ಣೆಗೆ ಬಿಟ್ಟ ಪೂರಿಯಂತೆ ಹೊಟ್ಟೆ ಉಬ್ಬಿಸಿಕೊಂಡು, ಎರಡು ಅಂಚುಗಳ ನಡುವೆ ಉಗುರು ತೂರುವಷ್ಟು ಬಾಯಿಬಿಟ್ಟು ಕುಳಿತಿತ್ತು. ಅದನ್ನು ಕರವಸ್ತ್ರದಲ್ಲಿ ಹಿಡಿದು ಹೊರಗಿನ ಕಲ್ಲುಕಟ್ಟೆಯ ಮೇಲಿಟ್ಟು ದೂರ ನಿಂತಿದ್ದಾಗ, ಪಕ್ಕದಲ್ಲಿ ಕಬ್ಬಿನ ಹಾಲು ಮಾರುತ್ತಿದ್ದ ಮುದುಕ ನನ್ನ ಗಾಡಿಯ ನಂಬರನ್ನೊಮ್ಮೆ ನೋಡಿ, "ಬೆಂಗ್ಳೂರ ಕಡಿಯವ್ರು ಕಾಣ್ತೀರಿ ಸಾಹೇಬ್ರ. ನಮ್ಮ ಕಡಿ ಬ್ಯಾಸಗ್ಯಾಗ ಕಾರಂದ್ರ ರೊಟ್ಟಿ ಒಲಿ ಇದ್ದಂಗ ನೋಡ್ರಿ" ಎಂದ.

ಅವನ ಮಾತು ಉತ್ಪ್ರೇಕ್ಷೆಯಲ್ಲ. ಅಮೆರಿಕದ ಅರಿಜೋನಾದಲ್ಲಿ ಸಂಶೋಧಕರು ಹೊರಗಿನ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ ಕಾರುಗಳನ್ನು ನಿಲ್ಲಿಸಿ ಅಳೆದು, 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ಗಂಟೆ ಬಿಸಿಲಿನಲ್ಲಿದ್ದ ಕಾರಿನೊಳಗಿನ ಗಾಳಿ ಸರಾಸರಿ 47 ಡಿಗ್ರಿಗೂ, ಸ್ಟಿಯರಿಂಗು 53ಕ್ಕೂ, ಡ್ಯಾಶ್‌ಬೋರ್ಡು 69ಕ್ಕೂ ಏರಿದ್ದವು. ಕಲಬುರಗಿಯ ಮೇ ತಿಂಗಳು ಹೊರಗಿನ ಲೆಕ್ಕವನ್ನೇ 40ರ ಆಸುಪಾಸಿನಿಂದ ಆರಂಭಿಸುತ್ತದೆ. ಇನ್ನು ಫೋನಿನ ಕಡೆಯ ಲೆಕ್ಕ: ಐಫೋನನ್ನು ತಯಾರಿಸುವವರೇ ಬರೆದಿರುವಂತೆ, ಅದನ್ನು 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಬಳಸಬಹುದು, 45ರವರೆಗೆ ಸುಮ್ಮನೆ ಇಡಬಹುದು; ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು. ಅರಿಜೋನಾದಲ್ಲಿ ನೆರಳಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಕೂಡ 48ಕ್ಕೆ ಮುಟ್ಟಿತ್ತು. ಬೇಸಿಗೆ ಬಂದರೆ ಕಲಬುರಗಿ ಸೀಮೆಯ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ಪದ್ಧತಿಯಿದೆ; ಗುಮಾಸ್ತನ ಮೇಲಿರುವ ಈ ಕರುಣೆ ಅವನ ಜೇಬಿನಲ್ಲಿರುವ ಫೋನಿನ ಮೇಲೆ ಯಾರಿಗೂ ಹುಟ್ಟಿಲ್ಲ.

"ಹತ್ತೇ ನಿಮಿಷ, ಹೋದೆ ಬಂದೆ" ಎಂಬುದು ನಮ್ಮೆಲ್ಲರ ಸಮಾಧಾನ. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಈ ಸಮಾಧಾನವನ್ನೂ ಕಿತ್ತುಕೊಂಡಿತು: ಒಂದು ಗಂಟೆಯಲ್ಲಿ ಏರುವ ಶಾಖದ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ, ಗಾಜನ್ನು ಎರಡು ಬೆರಳಿನಷ್ಟು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ಪ್ರಯಾಣದಲ್ಲಿ ಬೇಕಾಗಬಹುದೆಂದು ಹಿಂದಿನ ರಾತ್ರಿ ನಾನು ಪವರ್ ಬ್ಯಾಂಕನ್ನು ನೂರಕ್ಕೆ ನೂರು ತುಂಬಿಸಿಟ್ಟಿದ್ದೆ. ಲಿಥಿಯಂ ಅಯಾನ್ ಬ್ಯಾಟರಿಯು ಬಿಸಿಯಲ್ಲಿ ಬಳಲುವುದು ನಿಜ, ಆದರೆ ತುಂಬಿದ ಹೊಟ್ಟೆಯಲ್ಲಿದ್ದಾಗ ಇನ್ನೂ ಹೆಚ್ಚು ಬಳಲುತ್ತದೆ. ಒಳಗಿನ ದ್ರಾವಣ ಬೇಡದ ರಾಸಾಯನಿಕ ಕ್ರಿಯೆಗಳಿಗೆ ಸಿಕ್ಕಿ ಅನಿಲವನ್ನು ಹೊರಡಿಸುತ್ತದೆ, ಮೊಹರಾದ ಚೀಲ ಉಬ್ಬುತ್ತದೆ. ಉಬ್ಬದೇ ಉಳಿದದ್ದೂ ತನ್ನ ಆಯಸ್ಸಿನ ಒಂದು ಭಾಗವನ್ನು ಸದ್ದಿಲ್ಲದೆ ಕಳೆದುಕೊಂಡಿರುತ್ತದೆ. ಅಂದರೆ ನನ್ನ ಮುಂದಾಲೋಚನೆಯೇ ಅದಕ್ಕೆ ಮುಳುವಾಯಿತು. ಅರ್ಧ ಖಾಲಿ ಬಿಟ್ಟಿದ್ದ ಸೋಮಾರಿಯೊಬ್ಬನ ಪವರ್ ಬ್ಯಾಂಕು ಬದುಕಿಕೊಳ್ಳುತ್ತಿತ್ತೋ ಏನೋ.

ಬಿಡದೆ ಉಪಾಯವಿಲ್ಲದಿದ್ದರೆ ಎಲ್ಲಿ ಬಿಡಬೇಕೆಂಬುದನ್ನು ಆಮೇಲೆ ಕಲಿತೆ. ನೇರ ಬಿಸಿಲು ಬೀಳದ ಸೀಟಿನ ಕೆಳಗಿನ ನೆಲ ಅಥವಾ ಗಾಜಿಲ್ಲದ ಡಿಕ್ಕಿ, ಡ್ಯಾಶ್‌ಬೋರ್ಡಿಗಿಂತ ಎಷ್ಟೋ ವಾಸಿ. ಊಟದ ಡಬ್ಬಿಯನ್ನು ಬಿಸಿಯಾಗಿಡುವ ದಪ್ಪ ಚೀಲವು ಫೋನನ್ನು ಕೆಲಹೊತ್ತು ತಣ್ಣಗೂ ಇಡುತ್ತದೆ, ಜೊತೆಗೊಂದು ನೀರು ತುಂಬಿದ ಬಾಟಲಿಯಿಟ್ಟರೆ ಇನ್ನೂ ಸ್ವಲ್ಪ ಹೊತ್ತು; ಆದರೆ ಚೀಲ ಶಾಖವನ್ನು ತಡಮಾಡಿಸುತ್ತದೆಯೇ ಹೊರತು ತಡೆಯುವುದಿಲ್ಲ. ಲ್ಯಾಪ್‌ಟಾಪನ್ನು ಬರೀ ಮುಚ್ಚಿಟ್ಟರೆ ಸಾಲದು, ಆರಿಸಿಡಬೇಕು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಹಳೆಯ ದಾರಿಯನ್ನು ಸುಪ್ರೀಂ ಕೋರ್ಟು 2012ರಲ್ಲೇ ಮುಚ್ಚಿತು. ಮುಂದಿನ ಗಾಜಿಗೆ ಒಳಗಿನಿಂದ ಒರಗಿಸುವ ಬೆಳ್ಳಿ ಬಣ್ಣದ ಹಾಳೆ ಉಳಿದಿದೆ. ಬೇವಿನ ನೆರಳನ್ನಂತೂ ನಂಬುವಂತಿಲ್ಲ. ಹನ್ನೊಂದಕ್ಕೆ ನೆರಳಿನಲ್ಲಿ ನಿಲ್ಲಿಸಿದ ಕಾರು ಒಂದಕ್ಕೆ ಬಿಸಿಲಿನಲ್ಲಿರುತ್ತದೆ. ಕಾರು ಕದಲದಿದ್ದರೂ ನೆರಳು ಕದಲುತ್ತದೆ ಎಂಬುದು ದೇವರ ಮುಂದೆ ಕೈಮುಗಿದು ನಿಂತಾಗ ನೆನಪಾಗುವುದಿಲ್ಲ.

ಕಾದ ಫೋನನ್ನು ಕೂಡಲೇ ಫ್ರಿಜ್ಜಿನಲ್ಲಿಡುವ ಆಸೆ ನನಗೂ ಆ ದಿನ ಹುಟ್ಟಿತ್ತು. ತಣ್ಣಗಾದ ಯಂತ್ರವನ್ನು ಹೊರತೆಗೆದೊಡನೆ ಗಾಳಿಯ ತೇವ ಹನಿಗಟ್ಟಿ ಅದರೊಳಗೆ ಇಳಿಯಬಹುದೆಂದು, ಅಮೆರಿಕದ ಚಳಿಯೂರಾದ ಮಿನಿಯಾಪೊಲಿಸ್‌ನಲ್ಲಿರುವ ನನ್ನ ಅಣ್ಣನ ಮಗ ಹಿಂದೆ ಹೇಳಿದ್ದು ನೆನಪಾಗಿ ತಡೆದುಕೊಂಡೆ. ಅವನ ಕಷ್ಟ ನಮ್ಮದಕ್ಕೆ ತಿರುವುಮುರುವು: ಜನವರಿಯಲ್ಲಿ ರಾತ್ರಿಯಿಡೀ ಕಾರಿನಲ್ಲುಳಿದ ಲ್ಯಾಪ್‌ಟಾಪನ್ನು ಮನೆಯೊಳಗೆ ತಂದಾಗ ಅದು ಬೆವರುತ್ತದೆ, ಸೊನ್ನೆಗಿಂತ ತಣ್ಣಗಿರುವ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಅದು ಕೆಡುತ್ತದೆ. ಅಲ್ಲಿಯೂ ಇಲ್ಲಿಯೂ ಚಿಕಿತ್ಸೆ ಒಂದೇ: ಆರಿಸಿ, ಚಾರ್ಜಿಗೆ ಹಾಕದೆ, ಕೋಣೆಯ ಗಾಳಿಗೆ ಸಮನಾಗುವವರೆಗೆ ಮುಟ್ಟದೆ ಬಿಡುವುದು. ನಮಗೆ ಅತ್ಯಂತ ಕಷ್ಟವಾದದ್ದೂ ಇದೇ.

ಆ ದಿನ ನನ್ನ ಫೋನು ತಣಿದದ್ದು ಕಬ್ಬಿನ ಗಾಡಿಯ ಕೆಳಗೆ. ಅಲ್ಲಿಟ್ಟ ಕಬ್ಬು ಒಣಗದಿರಲೆಂದು ಮುದುಕ ತೋಯಿಸಿದ ಗೋಣಿತಾಟನ್ನು ಕಬ್ಬಿನ ಮೇಲೆ ಹೊದಿಸಿದ್ದ. ಕಲಬುರಗಿಯ ಒಣಗಾಳಿಗೆ ಅದು ಮಣ್ಣಿನ ಹರವಿಯಂತೆ ತಂಪು ಕೊಡುತ್ತದೆ. (ಮಂಗಳೂರಿನ ತೇವದಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು.) ಅವನ ಸ್ವಂತ ಫೋನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಆ ತಾಟಿನ ಮಗ್ಗುಲಲ್ಲೇ ಮಲಗಿತ್ತು. ಉಬ್ಬಿದ ಪವರ್ ಬ್ಯಾಂಕನ್ನು ಇ-ತ್ಯಾಜ್ಯ ಕೊಳ್ಳುವವರಿಗೆ ಒಪ್ಪಿಸಿದೆ. ಮರುವರ್ಷ ಅದೇ ದೇವಸ್ಥಾನಕ್ಕೆ ಹೋದಾಗ ಎರಡು ಲೋಟ ಹಾಲು ಕುಡಿದು, ನನ್ನ ಫೋನನ್ನು ಬೀಗವಿಲ್ಲದ ಆ ತಳ್ಳುಗಾಡಿಯ ಕೆಳಗೆ ಅವನದರ ಪಕ್ಕದಲ್ಲಿಟ್ಟು, ಖಾಲಿ ಕಾರಿನ ಹಿಡಿಯನ್ನು ಅಭ್ಯಾಸಬಲದಿಂದ ಎರಡು ಸಲ ಎಳೆದು ನೋಡಿ ಒಳಗೆ ಹೋದೆ.